ದಿನ್ನೆಯೇರುವಾಗ ಕೂಗುವ ಕಾರು

ಕೊಟ್ಟೂರು
8-9-1986

ಅಕ್ಕಾ,

ನಾನು ಪತ್ರ ಬರೆದರೆ ಏನೋ ಬೇಡುವುದಕ್ಕೇ ಎಂದು ನೀನು ಅನ್ನುತ್ತೀಯ. ಹೌದು, ಬೇಡುವುದಕ್ಕೇ. ನಿನ್ನ ಶಾಲೆಯಲ್ಲಿ ಕರಿಹಲಗೆಯ ಮೇಲೆ ಹಿಡಿಯುವ ಮರದ ದೊಡ್ಡ ಕೋನಮಾಪಕ ಇದೆಯಲ್ಲ, ಅದು ನನಗೆ ಬೇಕು. ಮಕ್ಕಳ ಪೆಟ್ಟಿಗೆಯ ಸಣ್ಣದು ನಡೆಯುವುದಿಲ್ಲ. ದೊಡ್ಡದರ ನಡುವಿಗೆ ದಾರ ಕಟ್ಟಿ, ದಾರಕ್ಕೊಂದು ನಟ್ಟು ತೂಗುಬಿಟ್ಟು, ಕಬ್ಬಿಣಕ್ಕೆ ಆನಿಸಿ ಹಿಡಿದರೆ ಯಾವುದು ಎಷ್ಟು ಬಾಗಿದೆ ಎಂದು ದಾರವೇ ಹೇಳುತ್ತದೆ. ನನಗೆ ಕೆಲಸ ಕಲಿಸಿದ ಹೊಸಪೇಟೆಯ ಉಸ್ತಾದರ ಹತ್ತಿರ ಇದಕ್ಕೆಂದೇ ಒಂದು ಮಾಪಕವಿತ್ತು. ಅವರು ತೀರಿಕೊಂಡ ಮೇಲೆ ಅದು ಯಾರ ಪಾಲಾಯಿತೋ.

ಶೆಡ್ಡಿಗೆ ಒಂದು ಕಾರು ಬಂದಿದೆ. ಒಂದು ಕಾರು ಎನ್ನಬಾರದು, ಮೂರು ಬಂಡಿಗಳ ಕೂಡಿಕೆ. ಮೈ ಹಳೆಯ ಅಮೆರಿಕದ ಕಾರಿನದು, ಎಂಜಿನ್ ಮೆಟಡಾರ್ ವ್ಯಾನಿನದು, ಹಿಂದಿನ ಆಕ್ಸಲ್ ಜೀಪಿನದು. ಇಂಥದ್ದರಲ್ಲಿ ಎಂಜಿನ್ ಕೂರಿಸುವುದು ದೊಡ್ಡ ಮಾತಲ್ಲ. ಎಂಜಿನ್ನಿನ ತಿರುಗನ್ನು ಹಿಂದಿನ ಗಾಲಿಗೆ ಒಯ್ಯುವ ಉದ್ದನೆಯ ಕೊಳವೆ ಇದೆ, ಶಾಫ್ಟ್ ಎನ್ನುತ್ತೇವೆ. ಅದರ ಮುಂದಿನ ತುದಿ ಗೇರ್‌ಬಾಕ್ಸಿಗೆ, ಹಿಂದಿನ ತುದಿ ಆಕ್ಸಲ್ಲಿನ ಮೂತಿಗೆ. ಆ ಮೂತಿಯೇ ಪಿನಿಯನ್. ನೀನು ಏಳನೇ ತರಗತಿಗೆ ಎರಡು ಸಮಾಂತರ ಗೆರೆ ಎಳೆದು, ನಡುವೆ ಓರೆ ಗೆರೆ ಹಾಯಿಸಿ, ಈ ಕೋನ ಆ ಕೋನ ಸಮ ಎಂದು ಕಲಿಸುತ್ತೀಯಲ್ಲ, ಅದೇ ಲೆಕ್ಕ. ಗೇರ್‌ಬಾಕ್ಸ್ ಒಂದು ಗೆರೆ, ಪಿನಿಯನ್ ಇನ್ನೊಂದು, ಶಾಫ್ಟ್ ನಡುವಿನ ಓರೆ. ಎರಡೂ ಗೆರೆ ಹೊಂದಿದರೆ ಕಾರು ಸದ್ದಿಲ್ಲದೆ ಹೋಗುತ್ತದೆ. ತಪ್ಪಿದರೆ ಮೈಯೆಲ್ಲ ನಡುಗಿ ಕೂಗುತ್ತದೆ.

ಇದು ಕೂಗುತ್ತದೆ.

ಯಾವುದೋ ಪಾರ್ಟಿಯ ಕಾರು. ಎಲೆಕ್ಷನ್ ಬರುತ್ತಿದೆ ಎಂದು ಅವಸರ. ಹಡಗಲಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದರೆ ಸಾಕು.

ನಿನ್ನ ತಮ್ಮ
ನಾಗೇಂದ್ರಪ್ಪ


ಮಾಗಳ
17-9-1986

ತಮ್ಮ ನಾಗೇಂದ್ರ,

ಕೋನಮಾಪಕ ಕಳಿಸಿದ್ದೇನೆ. ಹೆಡ್‌ಮಾಸ್ತರು ಬಾಗಿಲಲ್ಲೇ ತಡೆದರು. "ಸುಂಕಮ್ಮಾರ, ಅದು ಸರ್ಕಾರದ ಮಾಲು, ನಿಮ್ಮ ತವರಿನ ಬಳುವಳಿ ಅಲ್ಲ."

"ಸರ್ಕಾರದ ಮಾಲು ದೊಡ್ಡೋರ ಮನಿ ಸೇರಿದ್ರ ಕೇಳೋರಿಲ್ಲ. ನನ್ ತಮ್ಮನ ಶೆಡ್ಡಿಗೆ ಹೋದ್ರ ಮಾತ್ರ ಲೆಕ್ಕ ಕೇಳ್ತೀರೇನ್ರಿ?" ಅಂದೆ. ಬಾಯಿ ಮುಚ್ಚಿದರು. ಮುರಿಯದೆ ತಿರುಗಿಸು, ಇಲ್ಲದಿದ್ದರೆ ಬಾಯಿ ಮುಚ್ಚುವ ಪಾಳಿ ನನ್ನದಾಗುತ್ತದೆ.

ಠಾಣೆಯಿಂದ ಮತ್ತೆ ಅದೇ ಉತ್ತರ. ನನ್ನ ಗಂಡ, ನಿನ್ನ ಮಾವ ಕುಡಿದು ರಸ್ತೆಗೆ ಬಿದ್ದಿದ್ದ, ಯಾವುದೋ ಲಾರಿ ಹಾಯಿತು, ಲಾರಿ ಪತ್ತೆಯಿಲ್ಲ. ಮಂತ್ರಿ ಬರುತ್ತಾನೆಂದು ರಸ್ತೆ ಗ್ಯಾಂಗಿನವರನ್ನು ಬೇಸಿಗೆಯ ಬಿಸಿಲಿಗೆ ನಿಲ್ಲಿಸಿ ಮೋರಿಕಟ್ಟೆಗಳಿಗೆ ಸುಣ್ಣ ಬಳಿಸಿದ ದಿನ ಅದು. ಸುಣ್ಣದ ಕುಂಚ ಕೈಯಲ್ಲಿ ಹಿಡಿದೇ ಸತ್ತವನು ಕುಡಿದು ಮಲಗಿದ್ದನಂತೆ! ರಾಮಣ್ಣ ಹೆಂಡ ಮೂಸಿ ನೋಡಿದವನಲ್ಲ. ಅವನಿಗಿದ್ದ ಚಟ ಒಂದೇ, ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುವುದು. "ಬರೀ ಬಿಳುಪು ಹೆಣದ ಬಟ್ಟಿ ಕಂಡಂಗ ಕಾಣತೈತಿ, ಚೂರು ನೀಲಿ ಇರ್ಲಿ" ಎನ್ನುತ್ತಿದ್ದ. ಅದಕ್ಕೂ ಮೇಸ್ತ್ರಿಯಿಂದ ಬೈಸಿಕೊಂಡಿದ್ದ. ಆ ರಸ್ತೆಯಲ್ಲಿ ನೀಲಿ ಹೊಡೆಯುವ ಮೋರಿಗಳೆಲ್ಲ ಅವನ ಕೈಯವು.

ಕಾನಹೊಸಹಳ್ಳಿ ಕಡೆಯವರು ಒಂದು ಸುದ್ದಿ ತಂದಿದ್ದಾರೆ. ಉಜ್ಜಿನಪ್ಪ ಗೌಡನ ಕಾರು ಅಲ್ಲಿಯ ದಿನ್ನೆ ಏರುವಾಗ, ರಾಮಣ್ಣ ಸತ್ತ ಮೋರಿಯ ಹತ್ತಿರ ಬಂದರೆ, ಮನುಷ್ಯರಂತೆ ಕೂಗುತ್ತದಂತೆ. ದಿನ್ನೆ ದಾಟಿದರೆ ಸುಮ್ಮನಾಗುತ್ತದಂತೆ. ನನ್ನ ಅತ್ತೆ ಓಬಮ್ಮ "ನನ್ ಮಗನ ದನಿ" ಎಂದು ಕೇರಿ ತುಂಬ ಹೇಳಿಕೊಂಡು ತಿರುಗುತ್ತಿದ್ದಾಳೆ. ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ. ನಂಬುವುದಾದರೆ ಇಷ್ಟು ವರ್ಷ ಸಂಘದ ಸಭೆಗಳಲ್ಲಿ ಕೂತು ಕಲಿತದ್ದೇನು? ಆದರೂ ಕೇಳುತ್ತೇನೆ. ಆ ಕಾರನ್ನು ನೀನು ನೋಡಿದ್ದೀಯಾ?

ನಿನ್ನ ಅಕ್ಕ
ಸುಂಕಮ್ಮ


ಕೊಟ್ಟೂರು
28-9-1986

ಅಕ್ಕಾ,

ಮಾಪಕ ತಲುಪಿತು. ದಾರ ಕಟ್ಟಿ ಹಿಡಿದೆ, ಉಸ್ತಾದರದ್ದಕ್ಕಿಂತ ಚೆನ್ನಾಗಿ ಹೇಳುತ್ತದೆ.

ಇನ್ನೊಂದು ತಮಾಷೆ ಕೇಳು. ಸಮಾಂತರ ಎಂದೆನಲ್ಲ, ಕಾರು ನಿಂತಾಗ ಸಮಾಂತರ ಇದ್ದರೆ ಸಾಲದು. ಏರು ಬಂದಾಗ, ಹೊರೆ ಬಿದ್ದಾಗ, ಪಿನಿಯನ್ ಮೂತಿ ಮೇಲಕ್ಕೆತ್ತುತ್ತದೆ. ಅದಕ್ಕೇ ಕೂರಿಸುವಾಗಲೇ ಅದನ್ನು ಕೊಂಚ ತಗ್ಗಿಸಿ ಕೂರಿಸಬೇಕು. ಆಗ ಹೊರೆ ಎಳೆಯುವಾಗ ಸರಿಹೋಗುತ್ತದೆ. ನನ್ನ ಮುಂದಿರುವ ಕಾರಿನಲ್ಲಿ ಅದು ಮೊದಲೇ ಎತ್ತಿಕೊಂಡು ಕೂತಿದೆ. ಏರಿನಲ್ಲಿ ಇನ್ನೂ ಎತ್ತುತ್ತದೆ, ಶಾಫ್ಟ್ ಒದ್ದಾಡುತ್ತದೆ.

ನೀನು ಬರೆದ ಸುದ್ದಿ ಇಲ್ಲಿಯೂ ಇದೆ. ಜನ ಏನಾದರೂ ಅಂದುಕೊಳ್ಳಲಿ. ಅತ್ತೆಯ ಕಣ್ಣು ಹೇಗಿದೆ? ದಸರೆಗೆ ಕೊಟ್ಟೂರಿಗೆ ಬರಬೇಡ, ಶೆಡ್ಡಿನಲ್ಲಿ ಬಹಳ ಕೆಲಸ.

ನಾಗೇಂದ್ರ


ಮಾಗಳ
16-10-1986

ನಾಗೇಂದ್ರಪ್ಪನಿಗೆ,

ಕೊಟ್ಟೂರಿಗೆ ಬರಬೇಡ ಎಂದೆ, ಬರಲಿಲ್ಲ. ದಸರೆ ರಜೆಗೆ ಅತ್ತೆಯ ಮನೆಗೆ ಹೋದೆ. ಅಲ್ಲಿಗೆ ಗೌಡನ ಆಳು ಹುಲುಗಣ್ಣ ಒಂದು ಸೀರೆ, ಒಂದು ತೆಂಗಿನಕಾಯಿ ಹೊತ್ತು ಬಂದ. ಎಲೆಕ್ಷನ್ನಿಗೆ ಮುಂಚೆ ಮೋರಿಯ ಹತ್ತಿರ ಶಾಂತಿ ಮಾಡಿಸುತ್ತಾರಂತೆ. ಸತ್ತವನ ಹೆಂಡತಿ ಆ ಸೀರೆ ಉಟ್ಟು ಎಡೆ ಹಿಡಿದರೆ ಅವನು ಕಾರು ಬಿಟ್ಟು ಇಳಿಯುತ್ತಾನಂತೆ. ಅತ್ತೆ ಪೊರಕೆ ತೆಗೆದುಕೊಂಡಳು. "ಬದುಕಿದ್ದಾಗ ಕಟ್ಟಿ ಮ್ಯಾಲೆ ಕುಂದ್ರಿಸಿಲ್ಲ, ಸತ್ತ ಮ್ಯಾಲೆ ಎಡಿ ಇಡ್ತೀರೇನೋ ಬಾಡ್ಯಾ!"

ಹುಲುಗಣ್ಣ ಅಂಗಳಕ್ಕೆ ಹಾರಿ ನಿಂತು ಹಲ್ಲು ಕಿರಿದ. "ನನ್ ಮ್ಯಾಲ್ಯಾಕ ಸಿಟ್ಟಬೇ? ಕಾರು ರಿಪೇರಿಗೆ ನಿಮ್ಮ ಸೊಸಿ ತಮ್ಮನ ಶೆಡ್ಡಿನ್ಯಾಗ ಐತಿ. ಕಟ್ಟಿದಾವನೂ ಅವನ. ಅವನಿಗೇ ಇಲ್ಲದ್ದು ನಿಮಗ್ಯಾಕ?"

ಕೇರಿಯವರೆಲ್ಲ ನನ್ನ ಮುಖ ನೋಡಿದರು. ನನಗೆ ಗೊತ್ತೇ ಇರಲಿಲ್ಲ ಎಂದು ಹೇಳಲು ನಾಚಿಕೆಯಾಗಿ, ಗೊತ್ತಿತ್ತು ಎನ್ನುವ ಹಾಗೆ ನಿಂತೆ.

ಯಾವುದೋ ಪಾರ್ಟಿ! ಹೆಡ್‌ಮಾಸ್ತರೊಂದಿಗೆ ಜಗಳವಾಡಿ ನಾನು ಕಳಿಸಿದ ಕೋನಮಾಪಕ ಆ ಮನೆಯ ಕಾರಿನ ಹೊಟ್ಟೆಯ ಕೆಳಗಿದೆ. ಆ ಕಾರಿನ ಮೇಲೆ ನನಗೆ ಮೊದಲ ದಿನದಿಂದ ಅನುಮಾನವಿದೆ ಎಂದು ನಿನಗೆ ಗೊತ್ತು. ಹೊರೆ ಬಿದ್ದರೆ ತಲೆ ಎತ್ತುತ್ತದೆ, ಅದಕ್ಕೇ ಕೂರಿಸುವಾಗಲೇ ತಗ್ಗಿಸಿ ಕೂರಿಸಬೇಕು ಎಂದು ಬರೆದೆಯಲ್ಲ, ಅದು ಕಾರಿನ ಪಾಠವೋ, ಗೌಡನ ಪಾಠವೋ? ನಮ್ಮ ಅಜ್ಜನನ್ನೂ ಅಪ್ಪನನ್ನೂ ಹಾಗೇ ಕೂರಿಸಿದ್ದರು. ನೀನು ತಾನಾಗಿ ಕೂತೆ.

ಉತ್ತರ ಬರೆಯುವುದಿದ್ದರೆ ಸುಳ್ಳಿಲ್ಲದೆ ಬರೆ.

ಸುಂಕಮ್ಮ


ಕೊಟ್ಟೂರು
21-10-1986

ಅಕ್ಕಾ,

ಬೈದದ್ದು ಸಾಲದು, ಇನ್ನಷ್ಟು ಬೈ. ಆಮೇಲೆ ಇದನ್ನು ಪೂರ್ತಿ ಓದು.

ಕಾರು ಕಟ್ಟಿದವನು ನಾನೇ. ಮಾವ ಸಾಯುವುದಕ್ಕೆ ಮೊದಲಿನ ಸಂಕ್ರಾಂತಿಯ ಹೊತ್ತಿಗೆ ಕಟ್ಟಿ ಕೊಟ್ಟಿದ್ದೆ. ಆಗ ಉಸ್ತಾದರಿದ್ದರು, ಅವರ ಮಾಪಕದಲ್ಲೇ ಕೋನ ಹಿಡಿದೆವು. ಕಾರು ಒಂದು ಚೂರೂ ಕೂಗುತ್ತಿರಲಿಲ್ಲ. ಈಗ ಭಾದ್ರಪದದಲ್ಲಿ ತಿರುಗಿ ಬಂತು. ದಾವಣಗೆರೆಯಲ್ಲಿ ತೋರಿಸಿದ್ದಾರೆ, ಎಂಜಿನ್ ಬಿಚ್ಚಿ ಮುಚ್ಚಿದ್ದಾರೆ, ಬಂಪರ್ ಹೊಸದು, ಬಣ್ಣ ಹೊಸದು, ಕೂಗು ಹಳೆಯದು. ಮಗ ಸಣ್ಣಗೌಡ ಬರಲಿಲ್ಲ. ದೊಡ್ಡ ಗೌಡನೇ ಬಂದ. ಶೆಡ್ಡಿನೊಳಗೆ ಕಾಲಿಡದೆ ಬೇವಿನ ಗಿಡದ ಕೆಳಗೆ ನಿಂತ.

"ಏನಲೇ ನಾಗೇಂದ್ರ, ನಿಮ್ ಮಾವ ನನ್ ಕಾರು ಹತ್ತಿ ಕುಂತಾನ. ಟಿಕೀಟೂ ತಗೊಂಡಿಲ್ಲ."

ಅವನ ಹಿಂದೆ ನಿಂತಿದ್ದವರು ನಕ್ಕರು. ಡ್ರೈವರ್ ಪಾಲಾಕ್ಷಪ್ಪ ಮಾತ್ರ ನಗಲಿಲ್ಲ, ನೆಲ ನೋಡುತ್ತಿದ್ದ.

"ನನ್ನ ಕಡಿಗೆ ಯಾಕ ತಂದ್ರಿ ಗೌಡ್ರ?" ಎಂದೆ.

"ಬ್ಯಾರೆಯವರ ಮಾತು ಕೇಳವಲ್ಲ. ನಿಮ್ಮವರ ದೆವ್ವ ನಿಮ್ಮವರ ಮಾತ ಕೇಳತೈತಿ ಅಂದ್ರು. ಬೀಗನ್ನ ಬೀಗನ ಇಳಸಬೇಕು. ಇಳಸಲೇ."

ಅಕ್ಕಾ, ಆ ಮನುಷ್ಯ ಕಾರು ತಂದದ್ದು ಮೆಕ್ಯಾನಿಕ್‌ನ ಹತ್ತಿರ ಅಲ್ಲ. ಸತ್ತವನ ಹೆಂಡತಿಯ ತಮ್ಮನ ಹತ್ತಿರ. ದೆವ್ವದ ಮೇಲಿನ ನಂಬಿಕೆ ಅವನ ಕಣ್ಣು ಕಟ್ಟಿತು. ಅದಿಲ್ಲದಿದ್ದರೆ ಈ ಕಾರನ್ನು ನನ್ನ ಕೈಗೆ ಎಂದೂ ಕೊಡುತ್ತಿರಲಿಲ್ಲ.

ನಾನು ಕೆಳಗೆ ಮಲಗಿ ನೋಡಿದೆ. ಹಿಂದಿನ ಆಕ್ಸಲ್ಲು ಸ್ಪ್ರಿಂಗ್ ಪಟ್ಟಾಗಳ ಮೇಲೆ ಕೂರುವ ಜಾಗದಲ್ಲಿ ಕಬ್ಬಿಣದ ಒಂದು ಪೀಠವಿರುತ್ತದೆ, ಪ್ಯಾಡ್. ಕೋನ ಹಿಡಿದು ಅದನ್ನು ಆಕ್ಸಲ್ಲಿಗೆ ಬೆಸೆದ ಮೇಲೆ ನಾನು ಉಳಿಯಿಂದ ಒಂದು ಗೆರೆ ಹೊಡೆಯುತ್ತೇನೆ, ಅರ್ಧ ಪ್ಯಾಡಿನ ಮೇಲೆ, ಅರ್ಧ ಆಕ್ಸಲ್ಲಿನ ಮೇಲೆ. ಇದು ಉಸ್ತಾದರ ಪದ್ಧತಿ. ಎಡಗಡೆಯ ಗೆರೆಯ ಎರಡು ತುಂಡುಗಳು ಈಗ ಬೆರಳಗಲ ದೂರ ಸರಿದಿವೆ. ಬೆಸುಗೆ ಹರಿದಿದೆ, ಆಕ್ಸಲ್ಲು ಹೊರಳಿದೆ, ಪಿನಿಯನ್ ಮೂತಿ ಎತ್ತಿದೆ. ಗುಂಡಿಗೆ ಬಿದ್ದರೆ ಹೀಗಾಗುವುದಿಲ್ಲ. ಹಿಂದಿನ ಗಾಲಿ ಕಟ್ಟೆಯಂಥ ಕಲ್ಲಿನ ಮೇಲೆ ಹತ್ತಿ, ಪಟ್ಟಾ ಕಲ್ಲಿಗೆ ಬಡಿದು ಇಳಿದಿದೆ. ನಾನು ಬೋಲ್ಟ್ ಬಿಚ್ಚಿ ನೋಡಿದೆ. ಪ್ಯಾಡಿನ ಸಂದಿಯಲ್ಲಿ ಗ್ರೀಸಿನೊಂದಿಗೆ ಕಲಸಿ ಗಟ್ಟಿಯಾದ ಸುಣ್ಣ ಇತ್ತು.

ಉಗುರಿನಿಂದ ಕೆರೆದೆ. ನೀಲಿ.

ನಿನಗೆ ಬರೆಯಲು ಕೈ ಬರಲಿಲ್ಲ. ಬರೆದರೆ ನೀನು ಅದೇ ದಿನ ಬಂದು ಗೌಡನ ಕೊರಳಪಟ್ಟಿ ಹಿಡಿಯುತ್ತಿದ್ದೆ, ಅವನು ಅದೇ ದಿನ ಕಾರು ಒಯ್ಯುತ್ತಿದ್ದ. ಮೊದಲು ಫೋಟೊ ಸ್ಟುಡಿಯೋದವನನ್ನು ಕರೆದು ಗೆರೆಯ ಚಿತ್ರ ತೆಗೆಸಿದೆ. ಈಗ ಆ ಪ್ಯಾಡನ್ನು ಕತ್ತರಿಸಿ ತೆಗೆದು ಇಟ್ಟುಕೊಂಡು, ಹೊಸದನ್ನು ಬೆಸೆದು, ಕೋನ ಸರಿಮಾಡಿ ಕೊಡುತ್ತೇನೆ. ಕಾರು ಕೂಗುವುದು ನಿಲ್ಲುತ್ತದೆ.

ನಿಲ್ಲಿಸಲೇಬೇಕು ಅಕ್ಕಾ. ಅದು ಮಾವನ ದನಿಯಲ್ಲ. ಹರಪನಹಳ್ಳಿ ರಸ್ತೆಯ ಏರಿನಲ್ಲೂ ಆ ಕಾರು ಹೀಗೇ ಕೂಗಿದೆ. ಅಲ್ಲಿ ಯಾರೂ ಕಿವಿಗೊಡಲಿಲ್ಲ, ಅಲ್ಲಿ ಯಾರೂ ಸತ್ತಿಲ್ಲವಲ್ಲ. ದೆವ್ವ ಇರುವ ತನಕ ಗೌಡನಿಗೆ ಸುಖ. ದೆವ್ವಕ್ಕೆ ಕಾಯಿ ಒಡೆದರೆ ಸಾಕು, ಸೀರೆ ಕೊಟ್ಟರೆ ಸಾಕು. ಕೊಲೆಗೆ ಅದು ಸಾಲದು. ದೆವ್ವ ಓಡಿಸಿದರೆ ಉಳಿಯುವುದು ಮನುಷ್ಯ ಮಾಡಿದ ಕೆಲಸ.

ನಾಗೇಂದ್ರ


ಮಾಗಳ
27-10-1986

ತಮ್ಮಾ,

ನೀನು ಬರೆದ ಒಂದೊಂದು ಮಾತೂ ಸರಿ. ಸಭೆಯಲ್ಲಿ ಆಡಿದ್ದರೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತಿದ್ದೆ.

ಆದರೆ ಸರಿಮಾಡಬೇಡ.

ನಿನಗೆ ಹೇಳದ ಒಂದು ಮಾತಿದೆ. ಸುದ್ದಿಯನ್ನು ಯಾರೋ ತಂದರು ಎಂದು ಬರೆದೆ. ಯಾರೂ ತರಲಿಲ್ಲ. ಶ್ರಾವಣದಲ್ಲಿ ನಾನೇ ಹೋಗಿದ್ದೆ. ಶಾಲೆಗೆ ಜ್ವರ ಎಂದು ಹೇಳಿ, ಕಾನಹೊಸಹಳ್ಳಿಯಲ್ಲಿ ಇಳಿದು, ನಡೆದುಹೋಗಿ ಆ ಮೋರಿಕಟ್ಟೆಯ ಮೇಲೆ ಕೂತೆ. ಕಟ್ಟೆಯ ಒಂದು ಮೂಲೆ ಒಡೆದಿದೆ. ಉಳಿದ ಕಡೆ ಅವನು ಬಳಿದ ಸುಣ್ಣ ಹಾಗೇ ಇದೆ, ಕುಂಚದ ಗೆರೆಗಳೂ ಇವೆ. ಅಂಗೈಯಿಟ್ಟೆ, ಕೈಗೆ ಹತ್ತಿತು. ಇಳಿಬಿಸಿಲಿನಲ್ಲಿ ಗೌಡನ ಕಾರು ಬಂತು. ದಿನ್ನೆಯ ಬುಡದಲ್ಲಿ ಏನಿಲ್ಲ. ಏರತೊಡಗಿದ ಹಾಗೆ ನೆಲದ ಒಳಗಿನಿಂದ ಎದ್ದಂತೆ ಒಂದು ದನಿ. ಅಷ್ಟುದ್ದ, ಅಷ್ಟು ದಣಿದ ದನಿ. ಭಾನುವಾರ ಗ್ಯಾಂಗಿನಿಂದ ಮಾಗಳಕ್ಕೆ ಬಂದಾಗ ಹಳ್ಳದ ಆಚೆ ದಡದಿಂದ ಅವನು ನನ್ನನ್ನು ಹಾಗೇ ಕರೆಯುತ್ತಿದ್ದ, ಹೆಸರಿನ ಕೊನೆಯನ್ನು ಎಳೆದು. ನೌಕರಿ ಬೇರೆ ಬೇರೆ ಊರಲ್ಲಾಗಿ ನಾವು ಒಂದೇ ಸೂರಿನ ಕೆಳಗೆ ಬಾಳಿದ್ದೇ ಕಡಿಮೆ. ನನಗೆ ಸಿಕ್ಕಿದ್ದು ಹೆಚ್ಚಾಗಿ ಅವನ ದನಿ.

ಶ್ರಾವಣ ಮುಗಿಯುವುದರೊಳಗೆ ಇನ್ನೆರಡು ಸಲ ಹೋದೆ. ಎರಡು ಸಲವೂ ಕೇಳಿದೆ.

ಗೆರೆ ನೀನು ತೋರಿಸಬಹುದು, ಕೋನ ನಾನೇ ಕಲಿಸುತ್ತೇನೆ. ಆದರೂ ಆ ದನಿ ನನಗೆ ಇನ್ನೊಮ್ಮೆ ಕೇಳಿಸಲಿ. ಪ್ಯಾಡ್ ಇಟ್ಟುಕೋ, ಕೋರ್ಟಿಗೆ ಕೊಡು. ಹೊಸದನ್ನು ಮಾತ್ರ ಓರೆಯಾಗಿಯೇ ಕೂರಿಸಿ ಕೊಡು. ಗೌಡನಿಗೆ ಏನು ತಿಳಿಯುತ್ತದೆ? ಎಲೆಕ್ಷನ್ ತುಂಬ ಕೂಗುತ್ತ ತಿರುಗಲಿ. ಗಂಡನ ದನಿಯನ್ನು ನನ್ನ ಕೋನಮಾಪಕದಿಂದಲೇ ಅಳೆದು ಮುಚ್ಚಬೇಡ.

ಈ ಪತ್ರ ಯಾರಿಗೂ ತೋರಿಸಬೇಡ.

ಅಕ್ಕ


ಕೊಟ್ಟೂರು
4-11-1986

ಅಕ್ಕಾ,

ನಿನ್ನ ಪತ್ರ ದೀಪಾವಳಿಯ ಗದ್ದಲದಲ್ಲಿ ತಡವಾಗಿ ಬಂತು. ಅದು ಬರುವ ಹೊತ್ತಿಗೆ ಕೆಲಸ ಮುಗಿದಿತ್ತು.

ಹೊಸ ಪ್ಯಾಡ್ ಬೆಸೆದೆ. ನಿನ್ನ ಮಾಪಕದ ದಾರ ಎರಡೂ ಕಡೆ ಒಂದೇ ಗುರುತಿನ ಹತ್ತಿರ ನಿಲ್ಲುವವರೆಗೆ ತೆಳ್ಳನೆಯ ಬೆಣೆಯಂಥ ಆಪು ಸೇರಿಸಿ ತೆಗೆದು, ಸೇರಿಸಿ ತೆಗೆದು ಕೂರಿಸಿದೆ. ಪಿನಿಯನ್ ಕೊಂಚ ತಗ್ಗಿಸಿದೆ. ಆಮೇಲೆ ಪಾಲಾಕ್ಷಪ್ಪನನ್ನು ಸ್ಟೇರಿಂಗಿಗೆ ಕೂರಿಸಿ, ಪಕ್ಕದಲ್ಲಿ ನಾನು ಕೂತು, ಆ ದಿನ್ನೆಗೇ ಹೋದೆವು. ಹಿಂದಿನ ಸೀಟಿನಲ್ಲಿ ಸಿಮೆಂಟಿನ ಚೀಲ ಹೇರಿದ್ದೆ, ಹೊರೆ ಬೇಕಲ್ಲ. ಮಟಮಟ ಮಧ್ಯಾಹ್ನ.

ದಿನ್ನೆ ಏರಿತು. ಏನಿಲ್ಲ. ಎಂಜಿನ್ನಿನ ಸದ್ದು, ಗಾಳಿಯ ಸದ್ದು, ಅಷ್ಟೇ. ಮೋರಿ ಬಂತು. ನಾನು ಉಸಿರು ಬಿಟ್ಟೆ. ಪಾಲಾಕ್ಷಪ್ಪ ಬ್ರೇಕ್ ತುಳಿದ. ಎರಡೂ ಕೈಯಿಂದ ಕಿವಿ ಮುಚ್ಚಿದ.

"ಇನ್ನೂ ಕೂಗಾಕ ಹತ್ಯಾನಲ್ಲೋ ನಾಗೇಂದ್ರ! ಎಲ್ಲಿ ರಿಪೇರಿ ಮಾಡಿದಿ?"

"ಎಲ್ಲಿ ಕೂಗತೈತಿ? ಗಾಡಿ ಸುಮ್ಮನ ಐತಿ ನೋಡಣ್ಣ."

"ನಿನಗ ಕೇಳವಲ್ದಾ? ನೀ ಕಿವುಡೇನಲೇ!"

ಎಂಜಿನ್ ಆರಿಸಿದೆ. ಹೊಲದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಅವನು ನನ್ನ ಮುಖವನ್ನೇ ನೋಡಿದ. ನನಗೆ ನಿಜವಾಗಿ ಕೇಳುತ್ತಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ಇಷ್ಟು ದಿನ ಅದು ಕಾರಿನಿಂದ ಬರುತ್ತಿದೆ ಎಂದು ಎಲ್ಲರ ಹಾಗೆ ಅವನೂ ಅಂದುಕೊಂಡಿದ್ದ. ಬಾಗಿಲು ತೆರೆದು ಇಳಿದು ಹೊಲದೊಳಗೆ ನಡೆದುಬಿಟ್ಟ. ಕರೆದೆ, ತಿರುಗಲಿಲ್ಲ. ಚಪ್ಪಲಿ ಕಾರಿನಲ್ಲೇ ಉಳಿದವು.

ನನ್ನ ಮೇಲೆ ಸಿಟ್ಟಾಗು. ಆದರೆ ಬರೆ.

ನಾಗೇಂದ್ರ


ಕೊಟ್ಟೂರು
2-12-1986

ಅಕ್ಕಾ,

ಈ ನಡುವೆ ಬರೆದ ಎರಡು ಕಾರ್ಡಿಗೂ ನಿನ್ನ ಉತ್ತರವಿಲ್ಲ. ಗೌಡ ಕಾರು ಒಯ್ದ. ಮೈಕು ಕಟ್ಟಿದ್ದಾರೆ, ಬಾವುಟ ಕಟ್ಟಿದ್ದಾರೆ. "ನಿಮ್ ಮಾವ ಇಳದ ಬಿಡಲೇ" ಎಂದು ಬೇವಿನ ಗಿಡದ ಕೆಳಗಿನಿಂದಲೇ ಕೂಗಿ ಹೇಳಿದ. ನೀನಿಲ್ಲದೆಯೇ ತಾನು ಮಾಡಿಸಿದ ಶಾಂತಿಯಿಂದ ಎಂದು ಊರೂರಲ್ಲಿ ಹೇಳುತ್ತಿದ್ದಾನೆ. ಪಾಲಾಕ್ಷಪ್ಪ ಕೆಲಸ ಬಿಟ್ಟಿದ್ದಾನೆ. ಅವನ ಅಣ್ಣನ ಕುರಿಹಟ್ಟಿಯಲ್ಲೂ ಇಲ್ಲ, ಮೈಲಾರಕ್ಕೆ ಹೋದನೆಂದು ಕೆಲವರು ಅನ್ನುತ್ತಾರೆ.

ಪ್ಯಾಡನ್ನು ಗೋಣಿಯಲ್ಲಿ ಸುತ್ತಿ ಹಾಸಿಗೆಯ ಕೆಳಗೆ ಇಟ್ಟಿದ್ದೇನೆ. ಅದರ ಮೇಲೆ ಮಲಗಿದರೆ ನನಗೂ ನಿದ್ದೆ ಬರುವುದಿಲ್ಲ. ಕೋನಮಾಪಕ ಕಳಿಸಲೇ?

ನಾಗೇಂದ್ರ


ಮಾಗಳ
19-12-1986

ತಮ್ಮಾ ನಾಗೇಂದ್ರ,

ನಿನ್ನ ನವೆಂಬರಿನ ಪತ್ರ ಓದಿ ಸಿಟ್ಟಾಗಿದ್ದೆ. ಪಾಲಾಕ್ಷಪ್ಪನದು ನಾಟಕ, ನನಗೆ ಸಮಾಧಾನವಾಗಲೆಂದು ನೀನು ಕಟ್ಟಿದ್ದು ಎಂದುಕೊಂಡೆ. ಮೂರನೆಯ ಸಲ ದಿನ್ನೆಗೆ ಹೋದ ಹಾಗೆ ನಾಲ್ಕನೆಯ ಸಲವೂ ಹೋದೆ. ಕಾರು ಮೈಕಿನಲ್ಲಿ ಜೈಕಾರ ಹಾಕುತ್ತ ನನ್ನ ಮುಂದೆಯೇ ಏರಿತು. ಕೆಳಗಿನಿಂದ ಒಂದು ನರಳಿಕೆಯೂ ಇಲ್ಲ. ಕಟ್ಟೆಗೆ ಒರಗಿ ಅತ್ತುಬಿಟ್ಟೆ. ನನ್ನ ಗಂಡ ಅಂದು ಎರಡನೆಯ ಸಲ ಸತ್ತ.

ನಿನ್ನೆ ಮಧ್ಯಾಹ್ನ ಪಾಲಾಕ್ಷಪ್ಪ ಬಂದ. ಮೈಲಾರದಿಂದ ಹೊಳೆಯ ದಂಡೆ ಹಿಡಿದು ನಡೆದೇ ಬಂದಿದ್ದ, ಬರಿಗಾಲಿನಲ್ಲಿ. ಬಾಗಿಲ ಹೊರಗೆ ನಿಂತ. "ಒಳಗ ಬರ್ರಿ" ಎಂದೆ. ಬರಲಿಲ್ಲ. "ತಂಗೀ, ಕುಡಿಯಾಕ ನೀರು ಕೊಡ್ತಿಯೇನು?" ಎಂದ. ಕುರುಬರ ಮನುಷ್ಯ, ನಮ್ಮ ಮನೆಯ ನೀರು ಕೇಳುತ್ತಿದ್ದಾನೆ. ಚೊಂಬು ಕೊಟ್ಟೆ. ಕುಡಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು, ಅದನ್ನೇ ನೋಡುತ್ತ ಹೇಳಿದ.

ಅಂದು ಸ್ಟೇರಿಂಗ್ ಹಿಡಿದವನು ಗೌಡನ ಮಗ. ಇವನು ಪಕ್ಕದಲ್ಲಿ. ಆ ಹುಡುಗ ನಗುತ್ತ ಕಾರನ್ನು ರಸ್ತೆಯ ಅಂಚಿಗೆ ಒಯ್ದ, ಸುಣ್ಣ ಬಳಿಯುವವನನ್ನು ಹೆದರಿಸಿ ಕುಣಿಸಬೇಕೆಂದು. ಕಾರು ಕೈ ತಪ್ಪಿ ಮೋರಿಕಟ್ಟೆ ಹತ್ತಿತು. ರಾಮಣ್ಣ ಕೆಳಗೆ ಬಿದ್ದ, ಸಾಯಲಿಲ್ಲ.

"ಎಚ್ಚರ ಇತ್ತು ತಂಗೀ. 'ಪಾಲಾಕ್ಷಣ್ಣಾ, ನೀರು' ಅಂದ. ಅವನ ಬಕೀಟಿನ್ಯಾಗ ಇದ್ದದ್ದು ಸುಣ್ಣದ ನೀರು. ಕುಡಿಯೋ ನೀರು ನಮ್ ಕಾರಿನ್ಯಾಗಿತ್ತು, ಗೌಡ್ರ ಹೂಜಿ. ನಾ ಹೂಜಿ ಹಿಡದು ಇಳದೆ. 'ಅದು ನಮ್ಮನಿ ಹೂಜಿಲೇ, ಹತ್ತು' ಅಂದ ಹುಡುಗ. ನಾ ಹತ್ತಿದೆ. ದಿನ್ನಿ ದಾಟೂ ತನಕ ಕರದ. ನನ್ ಹೆಸರು ಹಿಡದು ಕರದ."

ಇಷ್ಟು ಹೇಳಿ ನೀರು ಕುಡಿದ, ಚೊಂಬು ಬರಿದಾಗುವವರೆಗೆ. ನಾನು ನೋಡುತ್ತ ನಿಂತಿದ್ದೆ. ಕಸಿದು ನೆಲಕ್ಕೆ ಚೆಲ್ಲಬೇಕು ಎನ್ನಿಸಿತು. ಚೆಲ್ಲಲಿಲ್ಲ. ನಮ್ಮ ಕೈಯಿಂದ ನೀರು ಇಲ್ಲ ಎನ್ನಿಸಿಕೊಳ್ಳುವುದು ಬೇಡ.

"ಇದನ್ನ ಕಟಕಟಿಯಾಗ ನಿಂತು ಹೇಳ್ತೀರೇನು?" ಎಂದು ಕೇಳಿದೆ.

"ನನ್ನ ಜೈಲಿಗೆ ಹಾಕ್ತಾರ."

"ಹಾಕ್ಲಿ. ನೀವು ಇಳದು ಮತ್ತ ಹತ್ತಿದೋರು."

ಆಗಲಿ ಎಂದು ತಲೆಯಾಡಿಸಿದ. ಅಂಗಳದ ಹುಣಸೆಮರದ ಕೆಳಗೆ ಮಲಗಿದ. ಈಗಲೂ ಅಲ್ಲೇ ಇದ್ದಾನೆ. ಓಡಿಹೋಗಿಲ್ಲ.

ತಮ್ಮಾ, ನೀನು ಗೆದ್ದೆ ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ, ಆದರೆ ಗೆದ್ದೆ. ಕಾರು ಕೂಗುತ್ತಲೇ ಇದ್ದಿದ್ದರೆ ಇವನು ಬರುತ್ತಿರಲಿಲ್ಲ. ತನಗೆ ಕೇಳುವುದನ್ನೆಲ್ಲ ಕಬ್ಬಿಣದ ಮೇಲೆ ಹಾಕಿ ಸಂಬಳ ಎಣಿಸಿಕೊಂಡು ಇರುತ್ತಿದ್ದ. ನಾನೂ ಅಷ್ಟೇ, ಮೋರಿಕಟ್ಟೆಯ ಮೇಲೆ ಕೂತು ಕಬ್ಬಿಣಕ್ಕೆ ಕಿವಿಗೊಟ್ಟು ಮುದುಕಿಯಾಗುತ್ತಿದ್ದೆ. ನಾನು ಕೇಳಿದ್ದು ಅವನ ದನಿಯಲ್ಲ. ಅವನು ಕೊನೆಗೆ ಕರೆದದ್ದು ನನ್ನ ಹೆಸರೂ ಅಲ್ಲ. ಅದನ್ನು ನುಂಗುವುದಕ್ಕೆ ನನಗೆ ಇನ್ನೂ ಬಹಳ ಕಾಲ ಬೇಕು. ಅವನ ದನಿ ನಿಜವಾಗಿ ಕೇಳಿದವನು ಒಬ್ಬನೇ, ಅವನನ್ನು ಕರೆದುಕೊಂಡು ಸೋಮವಾರದ ಮೊದಲ ಬಸ್ಸಿಗೆ ಕೂಡ್ಲಿಗಿಗೆ ಬರುತ್ತೇನೆ. ವಕೀಲರಿಗೆ ಹೇಳಿಟ್ಟಿರು. ಸಂಘದ ಹುಡುಗರು ಹಡಗಲಿಯಿಂದ ಜೊತೆಗೆ ಬರುತ್ತಾರೆ. ಎಲೆಕ್ಷನ್ನಿನ ಮುಂಚೆಯೇ ಆಗಲಿ, ಗೌಡ ಮೈಕು ಹಿಡಿದಿರುವಾಗಲೇ.

ನೀನು ಫೋಟೊ ತಾ, ಕೋನಮಾಪಕ ತಾ, ಆ ಪ್ಯಾಡ್ ತಾ. ತರುವಾಗ ಒಂದು ಮಾತು. ಗ್ರೀಸು ಬಟ್ಟೆಗೆ ಹತ್ತುತ್ತದೆ ಎಂದು ಅದನ್ನು ಒರೆಸಬೇಡ. ಆ ನೀಲಿ ಹಾಗೇ ಇರಲಿ.

ನಿನ್ನ ಅಕ್ಕ
ಸುಂಕಮ್ಮ